ಅಟ್ಟದ ಮೇಲಿನ ನೋಕಿಯಾವನ್ನು ಎಬ್ಬಿಸುವುದು ಹೇಗೆ: ಹಳೇ ಬಟನ್ ಫೋನಿನ ಸಮಗ್ರ ಮಾರ್ಗದರ್ಶಿ

ಅಪ್ಪನಿಗೆ ಕೊಡಿಸಿದ್ದ ಸ್ಮಾರ್ಟ್‌ಫೋನ್ ತೋಟದ ಕಾಲುವೆಗೆ ಬಿದ್ದ ದಿನ ಅಟ್ಟದಿಂದ ನೋಕಿಯಾ 1100 ಕೆಳಗಿಳಿಯಿತು. ಬ್ಯಾಟರಿ ಬದಲಿಸಿ, ಸಿಮ್ ಹಾಕಿ, ಸಂಜೆಯೊಳಗೆ ಅವರ ಜೇಬಿಗೆ ಸೇರಿಸಿದೆ. "ಇದೇ ಸಾಕು ಮಾರಾಯ, ಅದನ್ನ ಉಜ್ಜಿ ಉಜ್ಜಿ ಬೆರಳು ಸವೆದಿತ್ತು" ಅಂದರು. ಸುದ್ದಿ ಹೇಗೋ ಹಬ್ಬಿತು. ನೆಂಟರ ಮನೆಯ ಡ್ರಾಯರ್‌ಗಳಿಂದ ಏಳೆಂಟು ಸೆಟ್‌ಗಳು ನನ್ನ ಮೇಜಿಗೆ ಬಂದು ಬಿದ್ದವು. ಕೆಲವು ಎದ್ದವು, ಕೆಲವು ಏಳಲಿಲ್ಲ. ಏಳಲೇ ಸಾಧ್ಯವಿಲ್ಲದ ಸೆಟ್‌ಗಳಿಗೂ ನಾನು ಮೊದಲೇ ಬ್ಯಾಟರಿ, ಚಾರ್ಜರ್ ಅಂತ ದುಡ್ಡು ಸುರಿದಿದ್ದೆ. ನೆಟ್‌ವರ್ಕ್ ಬಗ್ಗೆ ಯೋಚಿಸಿದ್ದು ಆಮೇಲೆ. ಆ ಪೆಟ್ಟು ತಿಂದ ಮೇಲೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ದುಡ್ಡು ಬೇಡದ ಪರೀಕ್ಷೆ ಮೊದಲು, ದುಡ್ಡು ಬೇಡುವುದು ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹಂತ 1: ಕೈಯಲ್ಲಿರುವುದು ಯಾವ ಸೆಟ್?

ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಎತ್ತಿ. ಕೆಳಗೆ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಮಾದರಿಯ ಸಂಖ್ಯೆ, ಅದರ ಪಕ್ಕ 'ಆರ್‌ಎಚ್-18' ತರಹದ ಕೋಡ್ (ಇದು 1100ರದು), ಮತ್ತೆ 15 ಅಂಕಿಯ ಐಎಂಇಐ (ಪ್ರತಿ ಸೆಟ್‌ಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಅದರಲ್ಲಿರುತ್ತವೆ. ಮೂರನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಅಟ್ಟದಲ್ಲಿ ಹೆಚ್ಚಾಗಿ ಸಿಗುವುದು ಇವು. 3310 ಬಂದದ್ದು 2000ರಲ್ಲಿ, ತೂಕ 133 ಗ್ರಾಂ. ಕೈಗೆತ್ತಿಕೊಂಡರೆ ತೆಂಗಿನಕಾಯಿ ಒಡೆಯಬಹುದೇನೋ ಅನ್ನಿಸುತ್ತದೆ. ಅದರ ತಮ್ಮನಂಥ 3315 ಏಷ್ಯಾದ ಮಾರುಕಟ್ಟೆಗೆಂದೇ ಬಂದದ್ದು. 2003ರಲ್ಲಿ 1100 ಬಂತು. ಭಾರತದಲ್ಲಿ ಒಳಬರುವ ಕರೆಗೂ ದುಡ್ಡು ಕೊಡುವ ಕಾಲ ಮುಗಿದದ್ದೂ ಅದೇ ವರ್ಷ. ಎರಡೂ ಕೂಡಿ ಬಂದದ್ದರಿಂದಲೇ ಹಾಲಿನ ಡೇರಿಯವರಿಂದ ಹಿಡಿದು ಆಟೋದವರವರೆಗೆ ಎಲ್ಲರ ಜೇಬಿನಲ್ಲೂ ಟಾರ್ಚ್ ಇರುವ ಈ ಸೆಟ್ ಕಾಣಿಸಿದ್ದು. ಜಗತ್ತಿನಲ್ಲಿ ಇದು 25 ಕೋಟಿಗೂ ಹೆಚ್ಚು ಮಾರಾಟವಾಯಿತು. 2005ರಲ್ಲಿ 1110 ಮತ್ತು ಬಣ್ಣದ ಪರದೆಯ 1600, 2007ರಲ್ಲಿ 1200 ಮತ್ತು 1208, 2010ರಲ್ಲಿ ಎಫ್‌ಎಂ ರೇಡಿಯೊ ಇರುವ 1280 ಬಂದವು.

ಯಾರಿಗಾಗಿ ಸೆಟ್ ಸಿದ್ಧ ಮಾಡುತ್ತಿದ್ದೀರೋ ಅವರನ್ನು ನೆನೆದು ಒಂದು ವಿಷಯ ಗಮನಿಸಿ. 3310, 1100 ಎರಡರಲ್ಲೂ ಹಸಿರು-ಕೆಂಪು ಬಟನ್ ಇಲ್ಲ. ಪರದೆಯ ಕೆಳಗಿನ ಒಂದೇ ದೊಡ್ಡ ಬಟನ್ ಕರೆ ಎತ್ತುವುದಕ್ಕೂ ಹೌದು, ಇಡುವುದಕ್ಕೂ ಹೌದು. ಆ ಕ್ಷಣಕ್ಕೆ ಅದರ ಕೆಲಸ ಏನು ಅಂತ ಪರದೆಯ ಕೆಳಸಾಲಿನಲ್ಲಿ ಇಂಗ್ಲಿಷ್‌ನಲ್ಲಿ ಬರೆದಿರುತ್ತದೆ. ಇದಕ್ಕೆ ಮೊದಲಿಂದ ಒಗ್ಗಿದ ಅಪ್ಪನಂಥವರಿಗೆ ಚಿಂತೆಯಿಲ್ಲ. ಇಂಗ್ಲಿಷ್ ಓದಲು ಬಾರದ ಅಜ್ಜಿಗೆ ಹೊಸದಾಗಿ ಕೊಡುವುದಾದರೆ 1110 ಅಥವಾ 1600 ಮೇಲು. ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ಜೊತೆಗೆ ಆ ಎರಡು ಸೆಟ್‌ಗಳು ಗಂಟೆಯನ್ನು ಬಾಯಲ್ಲಿ ಹೇಳುತ್ತವೆ. ಕಣ್ಣು ಮಂಜಾದವರಿಗೆ ಅದೊಂದೇ ಸಾಕು.

ಹಂತ 2: ಅದಕ್ಕೆ ನೆಟ್‌ವರ್ಕ್ ಇದೆಯೇ?

ನಾನು ಎಡವಿದ್ದು ಇಲ್ಲೇ. ಈ ಎಲ್ಲ ನೋಕಿಯಾಗಳೂ 2ಜಿ, ಅಂದರೆ ಹಳೇ ಎರಡನೇ ತಲೆಮಾರಿನ ಜಿಎಸ್‌ಎಂ ನೆಟ್‌ವರ್ಕಿನ ಸೆಟ್‌ಗಳು. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಸಿಮ್‌ಗಳು ಇವುಗಳಲ್ಲಿ ನಡೆಯುತ್ತವೆ. ಜಿಯೊ ನಡೆಯುವುದಿಲ್ಲ. 2016ರಲ್ಲಿ ಶುರುವಾದಾಗಿನಿಂದ ಅದರಲ್ಲಿ 2ಜಿ ಇಲ್ಲವೇ ಇಲ್ಲ. ಸಿಮ್ ಎಷ್ಟು ಸಲ ಒರೆಸಿ ಹಾಕಿದರೂ ಕಡ್ಡಿ ಏಳುವುದಿಲ್ಲ. ಮನೆಯಲ್ಲಿ ಎಲ್ಲರದೂ ಜಿಯೊ ಆಗಿದ್ದರೆ ಬೇರೆ ಸಿಮ್ ತೆಗೆದುಕೊಳ್ಳಬೇಕು, ಇಲ್ಲವೇ ನಂಬರ್ ಪೋರ್ಟ್ ಮಾಡಿಸಬೇಕು.

ಸೆಟ್‌ನಲ್ಲಿ ಸಿಮ್ ಹಾಕುವ ಜಾಗವೇ ಕಾಣದಿದ್ದರೆ ಅದು ಸಿಡಿಎಂಎ, ಅಂದರೆ ಜಿಎಸ್‌ಎಂ ಅಲ್ಲದ ಬೇರೆ ಬಗೆಯ ನೆಟ್‌ವರ್ಕಿನ ಸೆಟ್ ಇರಬಹುದು. 2003ರ ಸುಮಾರಿಗೆ 501 ರೂಪಾಯಿ ಕಟ್ಟಿ ತಂದ ರಿಲಯನ್ಸ್ ಸೆಟ್‌ಗಳು, ಟಾಟಾ ಇಂಡಿಕಾಂ ಸೆಟ್‌ಗಳು ಈ ಜಾತಿಯವು. ಆ ನೆಟ್‌ವರ್ಕ್‌ಗಳು ಮುಚ್ಚಿ ವರ್ಷಗಳಾದವು. ನೆನಪಿಗೆ ಇಟ್ಟುಕೊಳ್ಳಿ, ಒಂದು ರೂಪಾಯಿಯನ್ನೂ ಹಾಕಬೇಡಿ.

ಅಪ್ಪ-ಅಮ್ಮನ ಹಳೇ ಸೆಟ್ ಪ್ರೀತಿಯಿಂದ ಹೊರದೇಶಕ್ಕೆ ಒಯ್ದವರಿಗೂ ಒಂದು ಮಾತು. ಸಿಂಗಪುರದಲ್ಲಿ 2017ರಲ್ಲೇ 2ಜಿ ನಿಂತಿದೆ, ಅಮೆರಿಕದ ಎಟಿ ಆ್ಯಂಡ್ ಟಿಯೂ ಅದೇ ವರ್ಷ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲೂ ಇಲ್ಲ. ಅಲ್ಲಿ ಅದು ಅಲಾರಾಂ ಗಡಿಯಾರ ಮಾತ್ರ.

ಮನೆಯ ಮೂಲೆಯಲ್ಲಿ ಯಾವ ಕಂಪನಿಯ 2ಜಿ ಸಿಗುತ್ತದೆ ಅಂತ ತಿಳಿಯಲು ಹೊಸ ಸೆಟ್ ಬೇಕಿಲ್ಲ. ಈಗಿರುವ ಸ್ಮಾರ್ಟ್‌ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ '2ಜಿ ಮಾತ್ರ' ಎಂಬ ಆಯ್ಕೆ ಇದ್ದರೆ ಅದನ್ನು ಇಟ್ಟು, ಅಂಗಳ, ಅಡುಗೆಮನೆ, ತೋಟದ ತುದಿ ಸುತ್ತಿ ಬನ್ನಿ. ಮಲೆನಾಡಿನವರಿಗೆ ಇದು ಬಹಳ ಮುಖ್ಯ. ನಮ್ಮಲ್ಲಿ ಒಂದು ಗುಡ್ಡ ದಾಟಿದರೆ ಟವರ್ ಬೇರೆ.

ಹಂತ 3: ಸಿಮ್ ಕೂರಿಸುವುದು

ಹಳೇ ಸೆಟ್‌ಗೆ ಬೇಕಾದದ್ದು 25 ಮಿ.ಮೀ. ಉದ್ದ, 15 ಮಿ.ಮೀ. ಅಗಲದ ದೊಡ್ಡ ಸಿಮ್. ಈಗಿನ ಸಿಮ್‌ಗಳು ಮೂರು ಅಳತೆಯ ಗೆರೆ ಹಾಕಿದ ಕಾರ್ಡ್‌ನಲ್ಲಿ ಬರುತ್ತವೆ. ಹೊಸತಾಗಿದ್ದರೆ ದೊಡ್ಡ ಅಳತೆಗೆ ಮಾತ್ರ ಮುರಿಯಿರಿ. ಈಗಾಗಲೇ ನ್ಯಾನೊ ಆಗಿದ್ದರೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಡಾಪ್ಟರ್ ಚೌಕಟ್ಟಿನಲ್ಲಿ ಕೂರಿಸಿ. ಚೌಕಟ್ಟು ಸಡಿಲವಿದ್ದರೆ ಸಿಮ್ ಜಾರಿ ಒಳಗಿನ ಪಿನ್‌ಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದರೆ ಪಿನ್ನೇ ಕಿತ್ತು ಬರುತ್ತದೆ. ಹಿಂಬದಿಗೆ ತೆಳ್ಳನೆ ಟೇಪ್ ಅಂಟಿಸಿ ಹಾಕುವುದು ನನ್ನ ಅಭ್ಯಾಸ.

ಚಿನ್ನದ ಬಣ್ಣದ ಮುಖ ಕೆಳಗೆ, ಕತ್ತರಿಸಿದ ಮೂಲೆ ಸೆಟ್‌ನ ಮೇಲಿನ ಗುರುತಿಗೆ ಸರಿಯಾಗಿ. ಹೊಸ ಸಿಮ್ ಅನ್ನು ಕೆಲವು ತೀರಾ ಹಳೇ ಸೆಟ್‌ಗಳು ಗುರುತಿಸದೆ 'ಸಿಮ್ ಹಾಕಿ' ಅನ್ನುತ್ತಲೇ ಇರುತ್ತವೆ. ಸೆಟ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಬೇರೊಬ್ಬರ ಸಿಮ್ ಹಾಕಿ ನೋಡಿ. ಸಿಮ್‌ನ ಮುಖವನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಒರೆಸಿ ಹಾಕುವುದೂ ಒಂದು ಉಪಾಯ. ನನಗೆ ಎರಡು ಸಲ ಅದರಿಂದಲೇ ಕೆಲಸ ಆಗಿದೆ.

ಹಂತ 4: ಬ್ಯಾಟರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಅಪಾಯ ಇರುವುದೂ ಇಲ್ಲೇ.

ಹತ್ತು ವರ್ಷ ಅಟ್ಟದಲ್ಲಿದ್ದ ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಗಿರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅಂಥದ್ದನ್ನು ಚಾರ್ಜಿಗೆ ಹಾಕಬಾರದು, ಚುಚ್ಚಬಾರದು, ಒಲೆಗೆ ಅಥವಾ ಕಸದ ಬೆಂಕಿಗೆ ಎಸೆಯಲೇಬಾರದು. ಉಬ್ಬದೆ ಮಲಗಿದ್ದರೆ ಆಸೆ ಇದೆ. ಮಲ್ಟಿಮೀಟರ್ ಇದ್ದವರು ವೋಲ್ಟೇಜ್ ನೋಡಿ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. 3 ವೋಲ್ಟ್‌ಗಿಂತ ಕೆಳಗೆ ಜಾರಿದ್ದರೆ ಹಳೇ ಬ್ಯಾಟರಿಯ ಮೋಹ ಬಿಡಿ. ರಿಪೇರಿ ಅಂಗಡಿಯಲ್ಲಿ ನೇರ ಕರೆಂಟ್ ಕೊಟ್ಟು 'ಬೂಸ್ಟ್' ಮಾಡಿ ಎಬ್ಬಿಸುತ್ತಾರೆ. ಎದ್ದರೂ ಅದು ನಾಲ್ಕು ದಿನದ ಬದುಕು, ನನಗೆ ಅದರಲ್ಲಿ ನಂಬಿಕೆಯಿಲ್ಲ.

1100ಕ್ಕೆ ಬೇಕಾದದ್ದು ಬಿಎಲ್-5ಸಿ. ಅದೃಷ್ಟವೆಂದರೆ ಇದು ಇವತ್ತಿಗೂ ಸಿಗುತ್ತದೆ. ಸಂತೆಯಲ್ಲಿ ಮಾರುವ ಪುಟ್ಟ ಎಫ್‌ಎಂ ರೇಡಿಯೊ, ಭಜನೆ ಹಾಡುವ ಡಬ್ಬಿಗಳಲ್ಲೂ ಇದೇ ಬ್ಯಾಟರಿ ಇರುವುದರಿಂದ ತಾಲೂಕು ಪಟ್ಟಣದ ಮೊಬೈಲ್ ಅಂಗಡಿಯಲ್ಲೂ ಕೇಳಬಹುದು. ಬಿಎಲ್-5ಸಿಎ, 5ಸಿಬಿ ಅಂತ ಬರೆದಿದ್ದರೂ ಅಳತೆ ಒಂದೇ, ಸಾಮರ್ಥ್ಯ ಮಾತ್ರ ಸ್ವಲ್ಪ ಹೆಚ್ಚು ಕಡಿಮೆ. 1100ರ ಜೊತೆ ಬಂದದ್ದು 850 ಎಂಎಎಚ್. ಇಷ್ಟೇ ಗಾತ್ರದ ಬ್ಯಾಟರಿಯ ಮೇಲೆ 2500, 3000 ಅಂತ ಅಚ್ಚು ಹಾಕಿದ್ದರೆ ಅದು ಬರೀ ಅಚ್ಚು. 3310ರ ಬ್ಯಾಟರಿ ಬೇರೆ: ಬಿಎಂಸಿ-3 ಅಥವಾ ಬಿಎಲ್‌ಸಿ-2. ಅದನ್ನು ಹುಡುಕಲು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಓಡಾಡಬೇಕಾದೀತು.

ಹಳೇ ಮೂಲ ಬ್ಯಾಟರಿಯೇ ಚೆನ್ನಾಗಿದೆ ಅನ್ನುವವರು ಇದನ್ನು ನೆನಪಿಡಿ. 2007ರ ಆಗಸ್ಟ್‌ನಲ್ಲಿ ನೋಕಿಯಾ ಬಿಎಲ್-5ಸಿ ಬಗ್ಗೆ ದೊಡ್ಡ ಎಚ್ಚರಿಕೆ ಕೊಟ್ಟಿತ್ತು. ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿದ್ದ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು, ಬದಲಿಸಿಕೊಡುತ್ತೇವೆ ಎಂದಿತ್ತು. ಆಗ ನಮ್ಮ ದೇಶದಲ್ಲಿ 'ಫೋನ್ ಬಾಂಬಿನಂತೆ ಸಿಡಿಯುತ್ತದೆ' ಅಂತ ಗುಲ್ಲೆದ್ದು ಜನ ಸರ್ವಿಸ್ ಸೆಂಟರ್‌ಗಳಿಗೆ ಮುಗಿಬಿದ್ದಿದ್ದರು. ಆ ಕಾಲದ ಬ್ಯಾಟರಿ ಈಗಲೂ ಸೆಟ್‌ನಲ್ಲೇ ಇದ್ದರೆ ತೆಗೆದುಬಿಡಿ.

ಚಾರ್ಜರ್‌ನಲ್ಲಿ ಎರಡು ಜಾತಿ. 3310, 1100ಕ್ಕೆ ದಪ್ಪ ಪಿನ್, 1200ರಿಂದ ಈಚೆಗೆ ತೆಳು ಪಿನ್. ಹೊಸ ಬ್ಯಾಟರಿ ಹಾಕಿ ಚಾರ್ಜಿಗೆ ಇಟ್ಟ ತಕ್ಷಣ ಪರದೆ ಬೆಳಗದಿದ್ದರೆ ಗಾಬರಿ ಬೇಡ, ಹತ್ತು ಹದಿನೈದು ನಿಮಿಷ ಬಿಡಿ. ಪೂರ್ತಿ ಬತ್ತಿದ ಬ್ಯಾಟರಿಗೆ ಅಷ್ಟು ಹೊತ್ತು ಬೇಕು. ಮೊದಲ ಸಲ ಚಾರ್ಜ್ ಆಗುವಾಗ ಹತ್ತಿರವೇ ಇರಿ, ದಿಂಬಿನ ಮೇಲಿಟ್ಟು ಮಲಗಬೇಡಿ.

ಹಂತ 5: ಒರೆಸಿ, ತಿಕ್ಕಿ

1100ರ ಕೀಪ್ಯಾಡ್ ಒಂದೇ ರಬ್ಬರ್ ಹಾಳೆ. ಧೂಳು ಒಳಗೆ ಹೋಗಬಾರದೆಂದೇ ಹಾಗೆ ಮಾಡಿದ್ದು. ಮುಂದಿನ ಮುಚ್ಚಳ ಬಿಚ್ಚಿ ರಬ್ಬರ್ ತೆಗೆದು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೋರ್ಡ್‌ನ ಮೇಲೆ ಹಸಿರು ಕಿಲುಬು ಕಂಡರೆ ರಿಪೇರಿಯವರು ಐಪಿಎ ಅನ್ನುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ. ಪೇಂಟ್ ತಿನ್ನರ್ ಬೇಡವೇ ಬೇಡ. ಪ್ಲಾಸ್ಟಿಕ್ ಕರಗಿ ಪರದೆಯ ಗಾಜು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಸ್ಕ್ರೂಗಳಿಗೆ ಆರು ಮೂಲೆಯ ಟಿ6 ಸ್ಕ್ರೂಡ್ರೈವರ್ ಬೇಕು, ಚಾಕುವಿನ ತುದಿಯಿಂದ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಆಮೇಲೆ ಯಾರಿಂದಲೂ ಬಿಚ್ಚಲಾಗದು.

ಬ್ಯಾಟರಿ ತಾಗುವ ಮೂರು ಚಿಕ್ಕ ಸ್ಪ್ರಿಂಗ್ ತುದಿಗಳನ್ನು ಮರೆಯಬೇಡಿ. ಅಲುಗಾಡಿಸಿದರೆ ಸೆಟ್ ಆಫ್ ಆಗುವ ರೋಗಕ್ಕೆ ಮೂಲ ಬಹಳ ಸಲ ಇದೇ.

ಹಂತ 6: ಆನ್ ಮಾಡಿ, ಎದ್ದಿದೆಯೇ ನೋಡಿ

1100ರಲ್ಲಾದರೆ ನೆತ್ತಿಯ ಮೇಲಿನ ಪವರ್ ಬಟನ್ ಒತ್ತಿ ಹಿಡಿಯಿರಿ. ಎರಡು ಕೈ ಸೇರುವ ಚಿತ್ರ, ಆ ರಾಗ. ಪರದೆಯ ಎಡಕ್ಕೆ ಸಿಗ್ನಲ್ ಕಡ್ಡಿ, ಬಲಕ್ಕೆ ಬ್ಯಾಟರಿ ಕಡ್ಡಿ.

ಸಿಗ್ನಲ್ ಬರುತ್ತಿಲ್ಲವಾದರೆ ನನ್ನದೊಂದು ಹಳ್ಳಿ ಪರೀಕ್ಷೆ ಇದೆ. ಸೆಟ್ ಅನ್ನು ಚಾಲೂ ಇರುವ ರೇಡಿಯೊ ಅಥವಾ ಸ್ಪೀಕರ್ ಪಕ್ಕ ಇಟ್ಟು ಆಫ್ ಮಾಡಿ ಆನ್ ಮಾಡಿ. ಹಿಂದೆ ಕರೆ ಬರುವ ಮೊದಲು ಸ್ಪೀಕರ್‌ನಲ್ಲಿ 'ಟಿಗ್ ಟಿಗ್ ಡರ್ರ್' ಅನ್ನುತ್ತಿತ್ತಲ್ಲ, ಅದೇ ಸದ್ದು ಬಂದರೆ ಸೆಟ್ ಟವರ್‌ಗೆ ಕೂಗುತ್ತಿದೆ, ರೇಡಿಯೊ ಭಾಗಕ್ಕೆ ಜೀವ ಇದೆ. ಹಾಗಾದರೆ ದೋಷ ಸಿಮ್‌ನಲ್ಲೋ ನೆಟ್‌ವರ್ಕ್‌ನಲ್ಲೋ ಇರಬೇಕು. ಸದ್ದೇ ಇಲ್ಲದಿದ್ದರೆ ಆಂಟೆನಾ ಕಡೆ ಅನುಮಾನ.

ಪಿನ್ ಕೇಳಿದರೆ ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್‌ನ ಬೀಗ ತೆಗೆಯುವ ಕೋಡ್ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಪಿಯುಕೆಯನ್ನು ಕಂಪನಿಯ ಗ್ರಾಹಕ ಸೇವೆಯಲ್ಲಿ ಕೇಳಿ ಪಡೆಯಿರಿ. ಸಿಮ್‌ನ ಪಿನ್ ಬೇರೆ, ಸೆಟ್‌ನ ಸೆಕ್ಯುರಿಟಿ ಕೋಡ್ ಬೇರೆ. ನೋಕಿಯಾದಲ್ಲಿ ಎರಡನೆಯದು, ಯಾರೂ ಬದಲಿಸಿಲ್ಲದಿದ್ದರೆ, 12345.

ಈಗ *#06# ಒತ್ತಿ. ಪರದೆಯಲ್ಲಿ ಬಂದ 15 ಅಂಕಿ, ಮೊದಲೇ ಬರೆದಿಟ್ಟ ಚೀಟಿಯ ಅಂಕಿ ಎರಡೂ ಒಂದೇ ಆಗಿರಬೇಕು. ಮನೆಯದೇ ಸೆಟ್ ಆದರೆ ತಲೆಕೆಡಿಸಿಕೊಳ್ಳಬೇಡಿ. ಸಂಡೇ ಬಜಾರ್‌ನಲ್ಲೋ ಬೇರೆಲ್ಲೋ ಕೊಳ್ಳುತ್ತಿದ್ದರೆ ಮಾತ್ರ ಇದನ್ನು ನೋಡದೆ ದುಡ್ಡು ಕೊಡಬೇಡಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ, ಆಮೇಲೆ ಐಎಂಇಐ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಆ ಸಂಖ್ಯೆ ಸರಕಾರದ ದಾಖಲೆಯಲ್ಲಿ ಹೇಗಿದೆ ಎಂಬ ಉತ್ತರ ಬರುತ್ತದೆ. ಕಳುವಾದ ಸೆಟ್ ಕೈಗೆ ಬಂದರೆ ತಲೆನೋವು ನಿಮ್ಮದು.

ಹಾಗೇ, 'ಈ 1100ಕ್ಕೆ ಲಕ್ಷಗಟ್ಟಲೆ ಬೆಲೆ' ಅನ್ನುವವರು ಸಿಕ್ಕರೆ ನಕ್ಕು ಮುಂದೆ ಹೋಗಿ. ಜರ್ಮನಿಯ ಬೋಹುಮ್ ಕಾರ್ಖಾನೆಯಲ್ಲಿ ತಯಾರಾದ 1100ಗಳಿಂದ ಬ್ಯಾಂಕ್ ವಂಚನೆ ಮಾಡಬಹುದೆಂದು 2009ರಲ್ಲಿ ಯುರೋಪಿನಲ್ಲಿ ಸುದ್ದಿಯಾಗಿ, ಒಂದೊಂದು ಸೆಟ್‌ಗೆ ಸಾವಿರಾರು ಯೂರೊ ಎಂಬ ಮಾತು ಹರಡಿತ್ತು. ಅದರ ಬಾಲ ನಮ್ಮೂರಲ್ಲಿ ಇನ್ನೂ ಅಲ್ಲಾಡುತ್ತಿದೆ.

ಹಂತ 7: ದಿನದ ಬಳಕೆಗೆ ಹದ ಮಾಡುವುದು

ಮೊದಲು ತಾರೀಖು, ಸಮಯ. ಬ್ಯಾಟರಿ ತೆಗೆದಾಗೆಲ್ಲ ಇದು ಅಳಿಸಿಹೋಗಬಹುದು. ಗಡಿಯಾರ ಸರಿ ಇದ್ದರೇ ಅಲಾರಾಂ ಸರಿ. 1100ರಲ್ಲಿ ನನಗೆ ಇವತ್ತಿಗೂ ಮೆಚ್ಚುಗೆಯ ಸಂಗತಿ ಇದೇ: ಸೆಟ್ ಆಫ್ ಮಾಡಿಟ್ಟರೂ ಅಲಾರಾಂ ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಎಷ್ಟೋ ಸ್ಮಾರ್ಟ್‌ಫೋನ್‌ಗಳಿಂದ ಆಗದ ಕೆಲಸ.

1100ರ ಟಾರ್ಚ್‌ಗೆ ಸಿ ಬಟನ್ ಒತ್ತಿ ಹಿಡಿಯಿರಿ. ಕೀಪ್ಯಾಡ್ ಲಾಕ್‌ಗೆ ಮೆನು ಒತ್ತಿ, ಕೂಡಲೇ ನಕ್ಷತ್ರದ ಬಟನ್. ತೆಗೆಯುವುದಕ್ಕೂ ಅದೇ. ಕರೆ ಬಂದಾಗ ಬೇಡವೆಂದರೆ ಸಿ. ಮಾತಾಡುವಾಗ ಸದ್ದು ಏರಿಸಲು ಮೇಲೆ-ಕೆಳಗೆ ಬಾಣದ ಬಟನ್.

ಸ್ಪೀಡ್ ಡಯಲ್‌ಗೆ ಅರ್ಧ ಗಂಟೆ ಕೊಡಿ, ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. 2ರಿಂದ 9ರವರೆಗಿನ ಬಟನ್‌ಗಳಿಗೆ ಒಂದೊಂದು ನಂಬರ್ ಕಟ್ಟಿ. 2 ಒತ್ತಿ ಹಿಡಿದರೆ ಮಗಳು, 3 ಮಗ, 4 ಡಾಕ್ಟರು. ಅಪ್ಪನ ಸೆಟ್‌ನ ಹಿಂದೆ ಇದನ್ನು ಕಾಗದದಲ್ಲಿ ಬರೆದು ಟೇಪ್ ಹಚ್ಚಿದ್ದೇನೆ. ಕತ್ತಲಲ್ಲೂ ಸಿಗಲೆಂದು ತುರ್ತಿನ ನಂಬರನ್ನು ಉಬ್ಬು ಇರುವ 5ಕ್ಕೆ ಇಟ್ಟೆ. ಬೆರಳಿಗೆ ತಾಗುವ ಆ ಚಿಕ್ಕ ಉಬ್ಬು ಇರುವುದೇ ಹುಡುಕಿಕೊಳ್ಳಲಿಕ್ಕೆ.

ಮೆಸೇಜ್ ವಿಷಯಕ್ಕೆ ಬಂದರೆ, 1100 ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಸುಮಾರು 50 ಮೆಸೇಜ್. ತುಂಬಿದಾಗ ಪರದೆಯ ಲಕೋಟೆ ಚಿತ್ರ ಮಿಟುಕುತ್ತದೆ. ಆಗ ಹೊಸ ಮೆಸೇಜ್ ಒಳಗೆ ಬರುವುದಿಲ್ಲ. 'ಬ್ಯಾಂಕಿನಿಂದ ಒಟಿಪಿ ಬರ್ತಿಲ್ಲ' ಅಂತ ಒದ್ದಾಡುವವರು ಮೊದಲು ನೋಡಬೇಕಾದ್ದು ಆ ಲಕೋಟೆಯನ್ನು. ಹಳೆಯವನ್ನು ಅಳಿಸಿ, ಬರುತ್ತದೆ. ಇನ್ನೊಂದು: ಕನ್ನಡ ಲಿಪಿಯ ಮೆಸೇಜ್ ಈ ಸೆಟ್‌ನಲ್ಲಿ ಬರೀ ಚೌಕಗಳಾಗಿ ಕಾಣಿಸುತ್ತದೆ. ಮನೆಯವರು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಲಿ. ಬ್ಯಾಂಕಿನ ಮೆಸೇಜ್ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರೆ, ನೋವಾದರೂ, ಈ ನಂಬರ್‌ಗೆ ಇಂಗ್ಲಿಷ್ ಮಾಡಿಸಿ.

ಬರೆಯುವಾಗ ಪದ ಊಹಿಸುವ ಡಿಕ್ಷನರಿಯನ್ನು ಆಫ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ 'ಊಟ ಆಯ್ತಾ' ಎಂದು ಕೇಳಹೊರಟರೆ ಅದು ಇನ್ನೇನನ್ನೋ ಕೇಳುತ್ತದೆ. ಆಫ್ ಆದ ಮೇಲೆ 'ಅಮ್ಮ' ಅಂತ ಬರೆಯಲು 2, 6, ಒಂದು ಉಸಿರು ತಡೆದು ಮತ್ತೆ 6, ಆಮೇಲೆ 2. ಜಾಗ ಬಿಡಲು ಸೊನ್ನೆ, ಚುಕ್ಕೆಗೆ 1. ಮೂರು ದಿನದಲ್ಲಿ ಹೆಬ್ಬೆರಳಿಗೆ ಹಳೇ ವಿದ್ಯೆ ಮರಳುತ್ತದೆ.

ದುಡ್ಡು ಕಳಿಸುವುದಕ್ಕೂ ದಾರಿ ಇದೆ. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರ್ ಇದೇ ಆಗಿದ್ದರೆ *99# ಒತ್ತಿ ಬ್ಯಾಲೆನ್ಸ್ ನೋಡಬಹುದು, ಹಣ ವರ್ಗಾಯಿಸಬಹುದು. ಇಂಟರ್ನೆಟ್ ಬೇಡ. ಮೆನು ನಿಧಾನ, ನಡುವೆ ಕಡಿದುಹೋಗುವುದೂ ಉಂಟು. ಅವಸರದಲ್ಲಿ ಅಂಗಡಿಯೆದುರು ನಿಂತು ಮಾಡುವ ಕೆಲಸ ಅಲ್ಲ.

ಹಂತ 8: ಕರೆನ್ಸಿ

'ಲೈಫ್‌ಟೈಮ್ ಇನ್‌ಕಮಿಂಗ್' ಕಾಲ ಹೋಯಿತು. ಕರೆನ್ಸಿ ಹಾಕಿಸದೆ ಬಿಟ್ಟರೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ. ಇಂಟರ್ನೆಟ್ಟೇ ಇಲ್ಲದ ಸೆಟ್‌ಗೆ ದಿನಕ್ಕಿಷ್ಟು ಜಿಬಿ ಅಂತ ದುಡ್ಡು ಕೊಡುವುದು ದಂಡ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್, ಡೇಟಾ ಇಲ್ಲದ ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್‌ಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು. 365 ದಿನದವರೆಗಿನ ಅವಧಿಗೂ ಅವಕಾಶ ಕೊಟ್ಟಿತು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, 'ಬರೀ ವಾಯ್ಸ್ ಪ್ಯಾಕ್ ಹಾಕಿ' ಅಂತ ನೀವೇ ಕೇಳಿ. ಅಪ್ಪನಿಗೆ ವರ್ಷಕ್ಕೊಂದೇ ಸಲ ಹಾಕಿಸುವಂಥದ್ದು ತೆಗೆದುಕೊಂಡೆ, ತಿಂಗಳು ತಿಂಗಳು ನೆನಪಿಟ್ಟುಕೊಳ್ಳುವ ಕಾಟ ತಪ್ಪಿತು.

ಏಳದ ಸೆಟ್‌ಗಳು

ಇಷ್ಟೆಲ್ಲ ಮಾಡಿಯೂ ಏಳದಿದ್ದರೆ ಬಿಸಾಡಬೇಡಿ. ಒಂದರ ಕೀಪ್ಯಾಡ್ ರಬ್ಬರ್, ಇನ್ನೊಂದರ ಮೈಕ್, ಮತ್ತೊಂದರ ಮುಚ್ಚಳ ಸೇರಿಸಿ ನಾನು ಎರಡು ಸೆಟ್ ನಿಲ್ಲಿಸಿದ್ದೇನೆ. ಉಬ್ಬಿದ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಟ್ಟು, ಪಟ್ಟಣಕ್ಕೆ ಹೋದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮನೆ ಹಿಂದಿನ ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅದೇ ಮಣ್ಣು ನಾಳೆ ತೋಟಕ್ಕೆ ಹೋಗುತ್ತದೆ.